ಹಳೆಯ ಹಲಗೆಗೆ ಯಾವ ರೆಕ್ಕೆ?

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವ ಕರಾವಳಿ ಮೂಲದ ಕನ್ನಡಿಗರಿಗೆ ಮೂಲ್ಕಿ ಎಂದರೆ ಬಪ್ಪನಾಡಿನ ದೇವಸ್ಥಾನ, ಶಾಂಭವಿ ನದಿ, ಮತ್ಸ್ಯಗಂಧ ರೈಲು. ನಮ್ಮ ಮಕ್ಕಳಿಗೆ ಈಗ ಅದರ ಜೊತೆಗೆ ಇನ್ನೊಂದು ಅರ್ಥವೂ ಹುಟ್ಟಿಕೊಂಡಿದೆ. ಈ ಶತಮಾನದ ಮೊದಲ ದಶಕದಲ್ಲಿ ಅಮೆರಿಕದ ಫ್ಲೋರಿಡಾ ಮೂಲದ ಜ್ಯಾಕ್ ಹೆಬ್ನರ್, ಸನ್ಯಾಸದ ಹೆಸರಿನಲ್ಲಿ ಸ್ವಾಮಿ ನರಸಿಂಘ, ಮೂಲ್ಕಿಯಲ್ಲಿ ನಡೆಸಿದ ಆಶ್ರಮವು ಜಪದ ಜೊತೆಗೆ ಅಲೆಯೇರುವ ವಿದ್ಯೆಯನ್ನೂ ಕಲಿಸಿತು. ಅಲ್ಲಿಂದ ಮಂತ್ರ ಸರ್ಫ್ ಕ್ಲಬ್ ಬೆಳೆಯಿತು. 2016ರಲ್ಲಿ, ಶಾಂಭವಿ ಮತ್ತು ನಂದಿನಿ ಕಡಲು ಸೇರುವ ಸಸಿಹಿತ್ಲುವಿನಲ್ಲಿ, ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯಿತು. ಬೇಸಗೆ ರಜೆಗೆ ಊರಿಗೆ ಹೋದ ಮಕ್ಕಳು ಅಜ್ಜಿಮನೆಯಿಂದ ಹಪ್ಪಳ, ಉಪ್ಪಿನಕಾಯಿಯೊಡನೆ ಎರಡು ದಿನದ ಸರ್ಫಿಂಗ್ ಪಾಠವನ್ನೂ ಹೊತ್ತು ತರುವುದು ಈಗ ಅಚ್ಚರಿಯ ಸಂಗತಿಯಲ್ಲ. ಅವರಲ್ಲಿ ಕೆಲವರು ದೊಡ್ಡವರಾಗಿ, ಸಂಬಳ ಕಂಡ ಮೇಲೆ, ಸ್ವಂತಕ್ಕೊಂದು ಹಲಗೆ ಕೊಳ್ಳುತ್ತಾರೆ. ನಾನು ಕಂಡಂತೆ ಅವರು ಹೆಚ್ಚಾಗಿ ಮನಸೋಲುವುದು 'ರೆಟ್ರೊ' ಎಂದು ಮಾರಾಟವಾಗುವ ಹಳೆಯ ಮಾದರಿಯ ಹಲಗೆಗಳಿಗೆ. ಈ ಬರಹ ಆ ಹಲಗೆಗಳ ಕುರಿತದ್ದು. ಇನ್ನೂ ಸರಿಯಾಗಿ ಹೇಳುವುದಾದರೆ, ಅವುಗಳ ಅಡಿಯಲ್ಲಿ ಇರುವ, ಕೊಳ್ಳುವಾಗ ಯಾರೂ ತಿರುಗಿಸಿ ನೋಡದ, ಒಂದು ಗೇಣಿಗೂ ಚಿಕ್ಕದಾದ ಭಾಗದ ಕುರಿತದ್ದು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಹಳೆಯ ಮಾದರಿಯ ಹಲಗೆಯ ಹಳಮೆ ಅದರ ಬಣ್ಣದಲ್ಲಿಲ್ಲ, ದುಂಡು ಮೂತಿಯಲ್ಲಿಲ್ಲ, ಸೀಳು ಬಾಲದಲ್ಲಿಯೂ ಅರ್ಧದಷ್ಟೇ ಇದೆ. ಉಳಿದದ್ದೆಲ್ಲ ಅಡಿಯ ಫಿನ್ನಿನಲ್ಲಿದೆ. ಹಳೆಯ ಹಲಗೆಯನ್ನು ಕೊಂಡು ಅದಕ್ಕೆ ಇಂದಿನ ಸ್ಪರ್ಧೆಯ ಮೂರು ಫಿನ್ನುಗಳನ್ನು ತಿರುಪಿಸುವುದು ಭಾಮಿನಿ ಷಟ್ಪದಿಯೆಂದು ಆರು ಸಾಲು ಬರೆದು ಮಾತ್ರೆಯ ಲೆಕ್ಕವನ್ನು ಕೈಬಿಟ್ಟಂತೆ. ಕಣ್ಣಿಗೆ ಷಟ್ಪದಿ, ಕಿವಿಗೆ ಅಲ್ಲ.

ಹೆಸರಿನ ವಿಚಾರ ಮೊದಲು. ಮೀನಿನ ಮೈಮೇಲಿರುವುದಕ್ಕೆ ನಮ್ಮ ಶಾಲಾಪುಸ್ತಕಗಳು ಈಜುರೆಕ್ಕೆ ಎನ್ನುತ್ತವೆ. ಆ ಮಾತು ಇಲ್ಲಿಯೂ ಸಲ್ಲುತ್ತದೆ. ಕೆಲವರು ಇದನ್ನು 'ಹಲಗೆಯ ಚುಕ್ಕಾಣಿ' ಎಂದು ವಿವರಿಸುವುದನ್ನು ಕೇಳಿದ್ದೇನೆ. ಅದು ತಪ್ಪು ಹಾದಿಗೆ ಎಳೆಯುವ ಹೋಲಿಕೆ. ಚುಕ್ಕಾಣಿ ತಿರುಗುತ್ತದೆ, ದೋಣಿಯನ್ನು ತಿರುಗಿಸುತ್ತದೆ. ಈ ರೆಕ್ಕೆ ತಿರುಗುವುದೇ ಇಲ್ಲ. ಹಲಗೆಯನ್ನು ತಿರುಗಿಸುವವನು ಮೇಲೆ ನಿಂತವನು, ತನ್ನ ಮೈಭಾರವನ್ನು ಅತ್ತಿತ್ತ ವಾಲಿಸಿ. ರೆಕ್ಕೆಯ ಕೆಲಸ ಹಲಗೆಯ ಹಿಂಭಾಗ ಪಕ್ಕಕ್ಕೆ ಜಾರದಂತೆ ನೀರನ್ನು ಹಿಡಿದು ನಿಲ್ಲುವುದು. ಸಣ್ಣ ದೋಣಿಯೊಂದು ಒಡೆಯುವ ಅಲೆಗಳ ನಡುವೆ ದಡಕ್ಕೆ ಬರುವುದನ್ನು ನೋಡಿದವರಿಗೆ ಇದು ಗೊತ್ತು: ಅಲೆ ಹಿಂದಿನಿಂದ ಎತ್ತಿದಾಗ ದೋಣಿಯ ಬಾಲ ಅಡ್ಡಕ್ಕೆ ಸರಿಯಲು ನೋಡುತ್ತದೆ, ಹಿಂದೆ ಕುಳಿತವನು ಹುಟ್ಟನ್ನು ನೀರಿಗೆ ಒತ್ತಿಹಿಡಿದು ಅದನ್ನು ತಡೆಯುತ್ತಾನೆ. ಆ ಒತ್ತಿಹಿಡಿದ ಹುಟ್ಟೇ ಫಿನ್.

ಅದು ಬರಿಯ ತಡೆಯೂ ಅಲ್ಲ. ನಮ್ಮ ಪಾಮ್ ಬೀಚ್ ರಸ್ತೆಯಲ್ಲಿ (ಬೀಚ್ ಎಲ್ಲಿದೆ ಎಂದು ಕೇಳಬೇಡಿ) ಕಾರು ಓಡುವಾಗ ಮುಂದಿನ ಸೀಟಿನ ಕಿಟಕಿಯಿಂದ ಅಂಗೈಯನ್ನು ಗಾಳಿಗೆ ನೇರವಾಗಿ ಹಿಡಿದು ನಂತರ ತುಸುವೇ ಓರೆ ಮಾಡಿ ನೋಡಿದರೆ, ಕೈ ಮೇಲಕ್ಕೋ ಕೆಳಕ್ಕೋ ತಾನಾಗಿ ಚಿಮ್ಮುತ್ತದೆ. ಲೋಕಲ್ ರೈಲಿನ ಬಾಗಿಲಲ್ಲಿ ಈ ಪ್ರಯೋಗ ಬೇಡ. ನೀರಿನಲ್ಲಿ ಓರೆಯಾದ ರೆಕ್ಕೆಗೂ ಇಂಥದೇ ಬಲ ಹುಟ್ಟುತ್ತದೆ, ಹಲಗೆ ತಿರುವಿನಿಂದ ಹೊರಬರುವಾಗ ಅದನ್ನು ಮುಂದಕ್ಕೆ ನೂಕುತ್ತದೆ. ರೆಕ್ಕೆಯ ಬುಡ ಅಗಲವಿದ್ದಷ್ಟೂ ಈ ನೂಕು ಹೆಚ್ಚು. ರೆಕ್ಕೆ ಆಳವಿದ್ದಷ್ಟೂ ಹಿಡಿತ ಹೆಚ್ಚು. ಹಿಂದಕ್ಕೆ ಬಾಗಿದಷ್ಟೂ ತಿರುವು ನಿಡಿದು, ನೆಟ್ಟಗೆ ನಿಂತಷ್ಟೂ ತಿರುವು ಗಿಡ್ಡ. ತುದಿ ಬಳುಕುವಂತಿದ್ದರೆ ಹಲಗೆಯ ಉತ್ತರ ಒಂದು ಕ್ಷಣ ತಡವಾಗಿ, ಮೆದುವಾಗಿ ಬರುತ್ತದೆ. ಗಡುಸಾಗಿದ್ದರೆ ತಕ್ಷಣ, ಒರಟಾಗಿ.

ಇಷ್ಟು ತಿಳಿದರೆ ಚರಿತ್ರೆ ಹೆಚ್ಚು ರುಚಿಸುತ್ತದೆ. ಹವಾಯಿಯ ಪ್ರಾಚೀನರು ಏರುತ್ತಿದ್ದ 'ಅಲಾಯಾ' ಎಂಬ ತೆಳು ಮರದ ಹಲಗೆಗೆ ರೆಕ್ಕೆಯೇ ಇರಲಿಲ್ಲ. ಹೊನೊಲುಲುವಿನ ಬಿಷಪ್ ವಸ್ತುಸಂಗ್ರಹಾಲಯದಲ್ಲಿ ಅಂಥವು ಇಂದಿಗೂ ಇವೆ. ಅಂಚನ್ನು ಅಲೆಯ ಮೈಗೆ ಒತ್ತಿ ಹಿಡಿಯುವುದೊಂದೇ ಅವರ ಉಪಾಯ. 1935ರಲ್ಲಿ ಟಾಮ್ ಬ್ಲೇಕ್ ಎಂಬಾತ ವೈಕಿಕಿಯಲ್ಲಿ, ಬಿಸುಟಿದ್ದ ಒಂದು ವೇಗದೋಣಿಯ ಅಡಿಪಟ್ಟಿಯನ್ನು ಕಿತ್ತು ತನ್ನ ಹಲಗೆಗೆ ಜೋಡಿಸಿದ. ಹಲಗೆ ಜಾರುವುದು ನಿಂತಿತು. ಎರಡು ವರ್ಷದ ಬಳಿಕ ಅದೇ ದ್ವೀಪದ ಕೆಲವು ತರುಣರು ಅದೇ ತೊಂದರೆಗೆ ಬೇರೆಯೇ ಪರಿಹಾರ ಹುಡುಕಿದರು: ಕೊಡಲಿಯಿಂದ ಹಲಗೆಯ ಹಿಂಭಾಗವನ್ನೇ ಕೆತ್ತಿ ಕಿರಿದಾಗಿಸಿದರು. ಕೊನೆಗೆ ಗೆದ್ದದ್ದು ಬ್ಲೇಕನ ರೆಕ್ಕೆ. ಮೂರು ದಶಕ ಹಲಗೆಯ ಅಡಿಯಲ್ಲಿ ಬಹುಮಟ್ಟಿಗೆ ಒಂದೇ ದೊಡ್ಡ ರೆಕ್ಕೆ ಆಳಿತು.

1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಜಾರ್ಜ್ ಗ್ರೀನೊ ಆ ರೆಕ್ಕೆಯನ್ನೇ ಕುರಿತು ಯೋಚಿಸಿದ. ಅಲ್ಲಿಯವರೆಗೆ ಅದು ದಪ್ಪ ಮರದ ತುಂಡು. ಗ್ರೀನೊ ವೇಗವಾಗಿ ಈಜುವ ಮೀನುಗಳ ಬಾಲವನ್ನು ಗಮನಿಸಿ, ಬುಡ ಅಗಲ, ತುದಿ ಕಿರಿದು, ಹಿಂದಕ್ಕೆ ಬಾಗಿದ, ಬಳುಕುವ ರೆಕ್ಕೆಯನ್ನು ಮಾಡಿದ. 1966ರಲ್ಲಿ ಸ್ಯಾನ್ ಡಿಯಾಗೊದಲ್ಲಿ ನಡೆದ ವಿಶ್ವ ಸ್ಪರ್ಧೆಯಲ್ಲಿ ಆಸ್ಟ್ರೇಲಿಯಾದ ನ್ಯಾಟ್ ಯಂಗ್ ಗೆದ್ದದ್ದು ಇಂಥದೇ ರೆಕ್ಕೆಯಿದ್ದ ಹಲಗೆಯ ಮೇಲೆ. ಆ ಗೆಲುವಿನ ಮೆಚ್ಚುಗೆಯೆಲ್ಲ ಹಲಗೆಗೂ ಯಂಗ್‌ಗೂ ಹೋಯಿತು. ರೆಕ್ಕೆಯ ಪಾಡು ಯಾವಾಗಲೂ ಹೀಗೆಯೇ, ಮದ್ದಳೆಯವನ ಹೆಸರು ಯಾರಿಗೂ ನೆನಪಿರುವುದಿಲ್ಲ.

ಮರುವರ್ಷ, 1967ರ ಸುಮಾರಿಗೆ, ಅದೇ ಸ್ಯಾನ್ ಡಿಯಾಗೊದಲ್ಲಿ ಸ್ಟೀವ್ ಲಿಸ್ ಎಂಬ ಹುಡುಗ ಮಂಡಿಯೂರಿ ಅಲೆಯೇರಲು ಒಂದು ಗಿಡ್ಡ, ಅಗಲ ಹಲಗೆ ಮಾಡಿದ. ಬಾಲ ಮೀನಿನದರಂತೆ ಆಳವಾಗಿ ಸೀಳಿತ್ತು. ಸೀಳಿನ ಎರಡೂ ಕವಲಿಗೆ ಒಂದೊಂದು ತಗ್ಗಾದ, ಉದ್ದ ಬುಡದ ರೆಕ್ಕೆ. ಇಂದು ಅಂಗಡಿಗಳಲ್ಲಿ 'ಫಿಶ್' ಎಂದು ಸಿಗುವ ಹಲಗೆಗಳ ಮೂಲಪುರುಷ ಇದು. ಆ ರೆಕ್ಕೆಗಳಿಗೆ 'ಕೀಲ್' ಎಂದೇ ಹೆಸರು. 1970ರ ದಶಕದ ಕೊನೆಗೆ ಆಸ್ಟ್ರೇಲಿಯಾದ ಮಾರ್ಕ್ ರಿಚರ್ಡ್ಸ್ ಎರಡು ರೆಕ್ಕೆಯ ವಿಚಾರವನ್ನು ಬೇರೆ ದಿಕ್ಕಿಗೆ ಒಯ್ದ: ಚೂಪು ಹಲಗೆ, ನೆಟ್ಟಗಿನ ಸಣ್ಣ ರೆಕ್ಕೆಗಳು. 1979ರಿಂದ 1982ರವರೆಗೆ ಸತತ ನಾಲ್ಕು ಬಾರಿ ವಿಶ್ವ ಚಾಂಪಿಯನ್ ಆದ. ಆದರೆ ದೊಡ್ಡ, ಕಡಿದಾದ ಅಲೆಯಲ್ಲಿ ಎರಡು ರೆಕ್ಕೆಯ ಹಲಗೆ ಕೈಕೊಡುತ್ತಿತ್ತು. ಅದರಿಂದ ಬೇಸತ್ತ ಸೈಮನ್ ಆಂಡರ್ಸನ್, ಎತ್ತರದ ಭಾರಿ ಆಳು, 1980ರಲ್ಲಿ ನಡುವೆ ಅಷ್ಟೇ ಗಾತ್ರದ ಮೂರನೆಯ ರೆಕ್ಕೆಯನ್ನಿಟ್ಟು ಅದಕ್ಕೆ 'ಥ್ರಸ್ಟರ್' ಎಂದು ಹೆಸರಿಟ್ಟ. 1981ರಲ್ಲಿ ಆಸ್ಟ್ರೇಲಿಯಾದ ಬೆಲ್ಸ್ ಬೀಚಿನಲ್ಲಿ ದೈತ್ಯ ಅಲೆಗಳ ಮೇಲೆ ಅದನ್ನೇರಿ ಗೆದ್ದ. ಹಕ್ಕುಸ್ವಾಮ್ಯ ಪಡೆಯಲಿಲ್ಲ. ಕೆಲವೇ ವರ್ಷಗಳಲ್ಲಿ ಜಗತ್ತಿನ ಹಲಗೆಗಳಲ್ಲಿ ಹೆಚ್ಚಿನವು ಮೂರು ರೆಕ್ಕೆಯವಾದವು.

ಇಂದು ನಾವು 'ರೆಟ್ರೊ' ಎನ್ನುವುದು ಈ 1981ಕ್ಕೆ ಹಿಂದಿನ ಲೋಕವನ್ನು. ಒಂಬತ್ತಡಿಯ ದುಂಡು ಮೂತಿಯ ಉದ್ದಹಲಗೆ, ಏಳಡಿಯ ಒಂಟಿರೆಕ್ಕೆ, ಐದೂವರೆ ಅಡಿಯ ಫಿಶ್. ಆ ಲೋಕವನ್ನು ಮರಳಿ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಎದುರಾಗುವುದು ಒಂದು ಆಮಿಷವನ್ನು: ಐದು ಗೂಡುಗಳ ಹಲಗೆ. ಅಡಿಯಲ್ಲಿ ಐದು ಕಡೆ ರೆಕ್ಕೆ ಸಿಕ್ಕಿಸುವ ಗೂಡು ಕೊರೆದಿರುತ್ತಾರೆ. ಎರಡು ಹಾಕಿ, ಮೂರು ಹಾಕಿ, ನಾಲ್ಕು ಹಾಕಿ, ನಿಮ್ಮಿಷ್ಟ. ಯಾವುದಕ್ಕೂ ಒಗ್ಗುತ್ತದೆ ಎಂಬುದು ವ್ಯಾಪಾರದ ಮಾತು. ಬಹಳ ಜನ ಎಲ್ಲರೂ ಹಾಕುವ ಮೂರನ್ನೇ ಹಾಕುತ್ತಾರೆ, ಸುರಕ್ಷಿತವೆಂದು. ಆಮೇಲೆ ಹಲಗೆ 'ಏನೋ ಎಳೆದಂತಾಗುತ್ತದೆ' ಎಂದು ದೂರುತ್ತಾರೆ.

ಎಳೆಯದೆ ಏನು ಮಾಡೀತು? ಥ್ರಸ್ಟರಿನ ಪಕ್ಕದ ರೆಕ್ಕೆಗಳನ್ನು ಮೂತಿಯತ್ತ ಒಳಮುಖವಾಗಿ ತುಸು ಓರೆಯಾಗಿ ಕೂರಿಸಿರುತ್ತಾರೆ. ನೇರ ಹೋಗುವಾಗಲೂ ಅವು ನೀರಿಗೆ ಅಡ್ಡ. ಹೀಗಾಗಿ ಮೂರು ರೆಕ್ಕೆಯವನು ಸುಮ್ಮನೆ ನಿಲ್ಲುವಂತಿಲ್ಲ. ಮಂಡಿ ಮಡಿಸಿ ಚಾಚಿ, ಹಲಗೆಯನ್ನು ಮೇಲೆ ಕೆಳಗೆ ಓಡಾಡಿಸಿ, ವೇಗವನ್ನು ತಾನೇ ದುಡಿದುಕೊಳ್ಳಬೇಕು. ಚೂಪಾದ, ಹಗುರ ಹಲಗೆಗೆ ಇದು ಒಪ್ಪುತ್ತದೆ, ಅದು ಆ ದುಡಿಮೆಗೆಂದೇ ಹುಟ್ಟಿದ್ದು. ಫಿಶ್ ಹುಟ್ಟಿದ್ದು ಅದಕ್ಕಲ್ಲ. ಅದರ ಅಗಲ ಬಾಲ ನೀರಿನ ಮೇಲೆ ಚಪ್ಪಟೆಯಾಗಿ ತೇಲಿ ಓಡಬೇಕು. ಹಳೆಯ ಕೀಲ್‌ಗಳು ಹಲಗೆಯ ನಡುಗೆರೆಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ನಿಂತು ನೀರನ್ನು ಕೊಯ್ದು ಬಿಡುತ್ತವೆ, ಅಡ್ಡಗಟ್ಟುವುದಿಲ್ಲ. ಇನ್ನೊಂದು ಕಾರಣವಂತೂ ಕಣ್ಣಿಗೇ ಕಾಣುತ್ತದೆ. ನಡುವಿನ ರೆಕ್ಕೆ ಬಾಲದ ತುದಿಯ ಹತ್ತಿರ ಇರಬೇಕು. ಆಳವಾಗಿ ಸೀಳಿದ ಬಾಲದಲ್ಲಿ ಆ ಜಾಗದಲ್ಲಿ ಹಲಗೆಯೇ ಇಲ್ಲ! ಹಾಗಾಗಿ ಮೂರನೆಯದನ್ನು ಸೀಳಿನ ಮುಂದಕ್ಕೆ, ಪಕ್ಕದವುಗಳ ತೀರ ಹತ್ತಿರಕ್ಕೆ ತಂದು ಕೂರಿಸುತ್ತಾರೆ. ಅಲ್ಲಿ ಅದು ಆಂಡರ್ಸನ್ ಎಣಿಸಿದ ಕೆಲಸ ಮಾಡುವುದಿಲ್ಲ. ಕಟ್ಟಿಹಾಕುವ ಕೆಲಸವನ್ನಷ್ಟೇ ಮಾಡುತ್ತದೆ.

ಕೀಲ್ ಹಾಕಿದ ಫಿಶ್ ಏರಿದವರು ಹೇಳುವ ಅನುಭವ ಬೇರೆ. ಅಲೆ ಹಿಡಿದ ಕೂಡಲೇ ಓಟ ತಾನಾಗಿ ಬರುತ್ತದೆ, ಏನನ್ನೂ ಮಾಡದೆ. ಸೊರಗಿದ ಅಲೆಯ ಚಪ್ಪಟೆ ಭಾಗಗಳನ್ನು ಅದು ದಾಟಿಬಿಡುತ್ತದೆ. ತಿರುವು ಉದ್ದ, ಅಗಲ. ಎದೆಯನ್ನು ಅಲೆಯತ್ತ ಮಾಡಿ ನಿಂತಾಗ ಸರಾಗ, ಬೆನ್ನು ಮಾಡಿ ನಿಂತಾಗ ತುಸು ಹಟಮಾರಿ. ಅದೇ ಹಲಗೆಗೆ ಕೀಲ್ ತೆಗೆದು ರಿಚರ್ಡ್ಸ್ ಬಗೆಯ ನೆಟ್ಟಗಿನ, ಬುಡ ಕಿರಿದಾದ ಜೋಡಿರೆಕ್ಕೆ ಹಾಕಿದರೆ ಬಾಲ ಸಡಿಲವಾಗುತ್ತದೆ, ಎಣ್ಣೆ ಸವರಿದ ನೆಲದ ಮೇಲೆ ನಿಂತಂತೆ. ಗಿಡ್ಡ ತಿರುವುಗಳು ಸುಲಭವಾಗುತ್ತವೆ, ನೂಕು ಕಡಿಮೆಯಾಗುತ್ತದೆ. ಹಲಗೆ ಒಂದೇ, ಏರಿದವನೂ ಒಬ್ಬನೇ. ಬದಲಾದದ್ದು ಅಂಗೈಯಷ್ಟು ಗಾಜುನಾರಿನ ಎರಡು ತುಂಡು. ಇವೆರಡರಲ್ಲಿ ಯಾವುದನ್ನು ಆರಿಸಿದರೂ ನನ್ನ ತಕರಾರಿಲ್ಲ. ಎರಡೂ ಆ ಹಲಗೆಯ ಕುಲಕ್ಕೆ ಸೇರಿದವೇ.

ಒಂಟಿರೆಕ್ಕೆಯದು ಇನ್ನೂ ಸೂಕ್ಷ್ಮವಾದ ವಿಚಾರ, ನನ್ನ ಪಕ್ಷಪಾತ ಅದರ ಕಡೆಗೇ ಎಂದು ಒಪ್ಪುತ್ತೇನೆ. ಹಲಗೆಯ ಉದ್ದಕ್ಕೆ ಅಡಿಗೊಂದು ಅಂಗುಲದಂತೆ ರೆಕ್ಕೆಯ ಆಳ ಎಂಬುದು ಹಳಬರ ಅಂದಾಜು: ಒಂಬತ್ತಡಿಗೆ ಒಂಬತ್ತಂಗುಲ. ಉದ್ದಹಲಗೆಯ ಸೊಗಸಿರುವುದು ಮೇಲೆ ನಡೆದಾಡುವುದರಲ್ಲಿ. ಏರಿದವನು ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಮೂತಿಯ ತುದಿಗೆ ಹೋಗಿ ನಿಲ್ಲುತ್ತಾನೆ. ಆಗ ಹಿಂದೆ ಬಾಲದ ಮೇಲೆ ಅಲೆಯ ನೀರಿನ ಭಾರ, ಅಡಿಯಲ್ಲಿ ದೊಡ್ಡ ರೆಕ್ಕೆಯ ಹಿಡಿತ, ಇವೆರಡೇ ಹಲಗೆಯನ್ನು ನಿಲ್ಲಿಸುವುದು. ಈ ನಡಿಗೆ ಬೇಕೆನ್ನುವವನಿಗೆ ನೆಟ್ಟಗಿನ, ತುದಿಯೂ ಅಗಲವಾದ ರೆಕ್ಕೆ ಬೇಕು. ನಡಿಗೆ ಬೇಡ, ಹಾಯಾದ ದೊಡ್ಡ ತಿರುವು ಸಾಕು ಎನ್ನುವವನಿಗೆ ಗ್ರೀನೊ ಮಾದರಿಯ ಬಾಗಿದ ರೆಕ್ಕೆ. ಎರಡು ಪಕ್ಕರೆಕ್ಕೆ ಸೇರಿಸಿ, ನಡುವಿನದನ್ನು ಆರು ಏಳು ಅಂಗುಲಕ್ಕೆ ಇಳಿಸಿದರೆ ತಿರುಗುವುದು ಸುಲಭವಾಗುತ್ತದೆ, ನಿಜ. ಮೂತಿಯ ಮೇಲೆ ನಿಂತವನು ಮಾತ್ರ ನೀರಿಗೆ ಬೀಳುತ್ತಾನೆ.

ಇನ್ನು ಒಂಟಿರೆಕ್ಕೆಗೆ ಒಂದು ಉದ್ದನೆಯ ಗೂಡಿರುತ್ತದೆ. ರೆಕ್ಕೆಯನ್ನು ಅದರೊಳಗೆ ಹಿಂದೆ ಮುಂದೆ ಸರಿಸಬಹುದು. ಮುಂದಕ್ಕೆ ಸರಿಸಿದರೆ ಹಲಗೆ ಸಡಿಲ, ಹಿಂದಕ್ಕೆ ಸರಿಸಿದರೆ ಬಿಗಿ. ಅರ್ಧ ಅಂಗುಲದ ಬದಲಾವಣೆಯೂ ಕಾಲಿಗೆ ತಿಳಿಯುತ್ತದೆ. ಹೊಸ ಹಲಗೆ ಕೊಳ್ಳುವ ಖರ್ಚಿಲ್ಲದೆ ಹಲಗೆಯನ್ನು ಹೊಸದಾಗಿಸುವ ದಾರಿ ಒಂದು ತಿರುಪಿನಲ್ಲಿದೆ. ಆದರೂ ಅಂಗಡಿಯವನು ನಡುವಿಗೆ ಬಿಗಿದು ಕೊಟ್ಟದ್ದನ್ನು ವರ್ಷಗಟ್ಟಲೆ ಸಡಿಲಿಸದವರೇ ಹೆಚ್ಚು. ವೀಣೆ ಕೊಂಡು ಶ್ರುತಿ ಮಾಡದವರಿಗೆ ಏನೆನ್ನೋಣ?

ಇದೆಲ್ಲ ಕ್ಯಾಲಿಫೋರ್ನಿಯಾದ ಮಾತಾಯಿತು, ನಮ್ಮ ಕಡಲಿಗೇನು ಸಂಬಂಧ ಎಂದು ಕೇಳಬಹುದು. ಸಂಬಂಧ ಅಲ್ಲೇ ಇರುವುದು. ಥ್ರಸ್ಟರ್ ದೊಡ್ಡ, ಕಡಿದಾದ ಅಲೆಗೆ ಉತ್ತರವಾಗಿ ಹುಟ್ಟಿತು. ಮೂಲ್ಕಿಯ ಕಡಲು ಮಳೆಗಾಲದ ಮುಂಚಿನ ಕೆಲವು ವಾರ ಮತ್ತು ಮಳೆಗಾಲದಲ್ಲಿ ಅಂಥ ಅಲೆಯನ್ನು ತೋರಿಸುತ್ತದೆ. ಸ್ಪರ್ಧೆಗಳು ಮೇ ಕೊನೆಯ ಆಸುಪಾಸಿನಲ್ಲಿ ನಡೆಯುವುದು ಅದಕ್ಕೇ. ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುವ ಜೂನ್, ಜುಲೈಯ ಕಡಲಿಗೆ ಕಲಿಯುವವರನ್ನು ಯಾರೂ ಇಳಿಸುವುದಿಲ್ಲ. ನಮ್ಮಂಥವರ ಮಕ್ಕಳು ಇಳಿಯುವುದು ದೀಪಾವಳಿಯ ಮತ್ತು ಕ್ರಿಸ್‌ಮಸ್ಸಿನ ರಜೆಗೆ, ಅಥವಾ ಬೇಸಗೆಯ ಮೊದಲ ಭಾಗದಲ್ಲಿ. ಆಗಿನ ಅಲೆ ಸೊಂಟದೆತ್ತರ, ಮೆದು, ಬೇಗನೆ ಸೊರಗುವಂಥದ್ದು. ಅಂಥ ಅಲೆಯಲ್ಲಿ ವೇಗ ದುಡಿಯುವ ಹಲಗೆಗಿಂತ ವೇಗ ಉಳಿಸಿಕೊಳ್ಳುವ ಹಲಗೆ ಮೇಲು. ಹಳೆಯ ಹಲಗೆ, ಹಳೆಯ ರೆಕ್ಕೆ ಎನ್ನುವುದು ಇಲ್ಲಿ ಮೋಹದ ಮಾತಲ್ಲ, ಲೆಕ್ಕದ ಮಾತು. ಸ್ಪರ್ಧೆಯ ವಿಡಿಯೊ ನೋಡಿ ಮೂರು ರೆಕ್ಕೆ ಕೊಂಡವನು ಜೂನ್ ತಿಂಗಳ ಅಲೆಗೆ ಸಿದ್ಧನಾಗಿ ಡಿಸೆಂಬರಿನ ಅಲೆಗೆ ಹೋಗುತ್ತಾನೆ.

ಇನ್ನೊಂದು ಮಾತು, ಮರಳಿನದು. ಸಸಿಹಿತ್ಲುವಿನ ಅಳಿವೆಯ ಮರಳು ಇಂದು ಇದ್ದಲ್ಲಿ ನಾಳೆ ಇರುವುದಿಲ್ಲ. ದಡ ಸಮೀಪಿಸಿದಾಗ ಮೊಣಕಾಲುದ್ದದ ನೀರಿನಲ್ಲಿ ಒಂಬತ್ತಂಗುಲದ ಗಡುಸು ರೆಕ್ಕೆ ನೆಲಕ್ಕೆ ತಾಗಿದರೆ ಮುರಿಯುವುದು ರೆಕ್ಕೆ ಮಾತ್ರವಲ್ಲ, ಗೂಡೇ ಬಿರಿದು ಹಲಗೆಯೊಳಗೆ ನೀರು ಹೋಗುತ್ತದೆ. ಕಲಿಸುವವರು ಮೆತ್ತನೆಯ ಹಲಗೆಗೆ ಬಳುಕುವ ಪ್ಲಾಸ್ಟಿಕ್ ರೆಕ್ಕೆ ಹಾಕುವುದು ಇದಕ್ಕೆ, ಜೊತೆಗೆ ಮಕ್ಕಳ ಕಾಲು ಕುಯ್ಯದಿರಲೆಂದು. ಐದಂಗುಲ ಮೀರದ ಕೀಲ್ ಈ ದೃಷ್ಟಿಯಿಂದಲೂ ನಮ್ಮ ತೀರಕ್ಕೆ ಒಗ್ಗುತ್ತದೆ. ಒಂಟಿರೆಕ್ಕೆಯ ಉದ್ದಹಲಗೆಯವರು ಮಾತ್ರ ದಡಕ್ಕೆ ತುಸು ಮುಂಚೆಯೇ ಇಳಿಯುವ ಅಭ್ಯಾಸ ಮಾಡಿಕೊಳ್ಳಬೇಕು.

ಎದುರುವಾದವನ್ನು ನಾನು ಬಲ್ಲೆ. ಸರ್ಫಿಂಗ್ ಆನಂದಕ್ಕಾಗಿ ಇರುವುದು, ಅದರಲ್ಲಿ ಮಡಿ ಮೈಲಿಗೆ ಏಕೆ, ಯಾರಿಗೆ ಏನು ಹಿತವೋ ಅದನ್ನು ಹಾಕಿಕೊಳ್ಳಲಿ ಎನ್ನುತ್ತಾರೆ. ಈ ವಾದದಲ್ಲಿ ಹುರುಳಿದೆ. ಬೆನ್ನು ಮಾಡಿ ನಿಲ್ಲುವಾಗ ಫಿಶ್ ಹಟ ಮಾಡುತ್ತದೆಂದು ನಡುವೆ ಬೆರಳುದ್ದದ ಪುಟ್ಟ ರೆಕ್ಕೆಯೊಂದನ್ನು ಸೇರಿಸುವವರಿದ್ದಾರೆ. ಅದು ಜಾರಿಕೆಯನ್ನು ತಗ್ಗಿಸುತ್ತದೆ, ಓಟವನ್ನು ಹೆಚ್ಚು ಕೊಲ್ಲುವುದಿಲ್ಲ. ಗಾಳಿಯೆದ್ದ ದಿನ ಉದ್ದಹಲಗೆಗೆ ಪಕ್ಕರೆಕ್ಕೆ ಹಾಕಿಕೊಂಡವರನ್ನೂ ನಾನು ಅಡ್ಡಿಪಡಿಸಲಾರೆ. ಆದರೆ 'ಹಿತ' ಎನ್ನುವ ಮೊದಲು ಅದರ ತಕ್ಕ ರೆಕ್ಕೆಯ ಮೇಲೆ ಒಂದಷ್ಟು ದಿನ ನಿಂತು ನೋಡಿರಬೇಕಲ್ಲವೇ? ಮೊದಲ ಮೂರು ದಿನ ಒಂಟಿರೆಕ್ಕೆ ಯಾರಿಗೂ ಹಿತವಾಗುವುದಿಲ್ಲ. ಅವಸರಕ್ಕೆ ಅದು ಒಗ್ಗದು. ಒತ್ತಾಯಿಸಿದರೆ ಜಾರಿ ಕೆಡವುತ್ತದೆ, ಕಾದರೆ ಅಲೆಯೇ ತಿರುವನ್ನು ತಂದುಕೊಡುತ್ತದೆ. ನಾಲ್ಕನೆಯ ದಿನ ರಜೆ ಮುಗಿದು ಕುರ್ಲಾಕ್ಕೆ ರೈಲು ಹತ್ತುವವರಿಗೆ ಇದು ತಿಳಿಯುವ ಸಂಭವ ಕಡಿಮೆ ಎಂಬುದೇ ನಮ್ಮ ಕಡೆಯವರ ನಿಜವಾದ ತೊಂದರೆ. ಬಾಡಿಗೆಗೆ ಕೊಡುವವರು ಹಳೆಯ ಮಾದರಿಯ ಒಂದೆರಡು ಹಲಗೆಯನ್ನು ಅವುಗಳ ಸರಿಯಾದ ರೆಕ್ಕೆಯೊಡನೆ ಇಟ್ಟುಕೊಂಡರೆ, ಕೊಳ್ಳುವ ಮೊದಲೇ ರುಚಿ ತಿಳಿಯುವ ದಾರಿಯಾದೀತು. ಅದನ್ನು ಕೇಳಿ ಪಡೆಯಬೇಕಾದವರು ನಾವು.

ಕೊಳ್ಳಲು ಹೊರಟವರಿಗೆ ಕೆಲವು ವ್ಯವಹಾರದ ಸಂಗತಿಗಳು. ಎಫ್‌ಸಿಎಸ್ ಮತ್ತು ಫ್ಯೂಚರ್ಸ್ ಎಂಬ ಎರಡು ಬಗೆಯ ಗೂಡುಗಳು ಹೆಚ್ಚು ಬಳಕೆಯಲ್ಲಿವೆ. ಒಂದರ ರೆಕ್ಕೆ ಇನ್ನೊಂದಕ್ಕೆ ಕೂರುವುದಿಲ್ಲ, ಆದ್ದರಿಂದ ಹಲಗೆಯ ಅಡಿ ನೋಡದೆ ರೆಕ್ಕೆ ತರಿಸಬಾರದು. ಹಲಗೆಗೇ ಅಂಟಿಸಿ ಗಾಜುನಾರು ಹೊದೆಸಿದ ರೆಕ್ಕೆಗಳು ನೋಡಲು ಬಲು ಚೆಂದ, ಹಳೆಯ ಕಾಲದ್ದೇ ರೀತಿ. ಆದರೆ ಅವನ್ನು ಬಿಚ್ಚಲಾಗದು, ರೈಲಿನಲ್ಲಿ ಒಯ್ಯುವವರಿಗೆ ಅದು ಸಲ್ಲದು. ಒಂಬತ್ತಡಿಯ ಹಲಗೆ ಬೋಗಿಯ ಓಣಿಯಲ್ಲಿ ತಿರುಗುವುದೇ ಇಲ್ಲ, ಅದನ್ನು ಊರಿನಲ್ಲೇ ಯಾರಾದರೂ ನೆಂಟರ ಜಗಲಿಯ ಮಾಡಿಗೆ ಕಟ್ಟಿಡುವುದು ಲೇಸು. ಐದೂವರೆ ಅಡಿಯ ಫಿಶ್ ರೆಕ್ಕೆ ಬಿಚ್ಚಿದರೆ ಮೇಲಿನ ಬರ್ತಿನ ಮೇಲೆ ಮಲಗೀತು. ಆ ರಾತ್ರಿ ನೀವು ಎಲ್ಲಿ ಮಲಗುತ್ತೀರಿ ಎಂಬುದು ಬೇರೆ ಪ್ರಶ್ನೆ. ತಿರುಪಿನ ಪುಟ್ಟ ಕೀಲಿಯನ್ನು ಎರಡು ಇಟ್ಟುಕೊಳ್ಳಿ, ಒಂದು ಮರಳಿನಲ್ಲಿ ಹೋಗಿಯೇ ಹೋಗುತ್ತದೆ. ಮೊದಲ ದಿನ ಒಂಟಿರೆಕ್ಕೆಯನ್ನು ಗೂಡಿನ ನಟ್ಟನಡುವೆ ಬಿಗಿದು, ಅಲ್ಲಿ ಸೀಸದ ಕಡ್ಡಿಯಿಂದ ಒಂದು ಗೆರೆ ಎಳೆಯಿರಿ. ಎರಡನೆಯ ದಿನ ಅರ್ಧ ಅಂಗುಲ ಹಿಂದಕ್ಕೆ, ಮೂರನೆಯ ದಿನ ಗೆರೆಯಿಂದ ಅರ್ಧ ಅಂಗುಲ ಮುಂದಕ್ಕೆ. ಮೂರು ದಿನವೂ ಸಾಧ್ಯವಾದಷ್ಟು ಒಂದೇ ಹೊತ್ತಿನ, ಒಂದೇ ಭರತದ ನೀರಿನಲ್ಲಿ ಇಳಿಯಿರಿ, ಇಲ್ಲವಾದರೆ ಬದಲಾದದ್ದು ರೆಕ್ಕೆಯೋ ಕಡಲೋ ತಿಳಿಯುವುದಿಲ್ಲ.